ಒಬ್ಬ ಉಪಾಧ್ಯಾಯ, ನಾಲ್ಕು ತರಗತಿ

ಕಳೆದ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ದಿನ, ನಮ್ಮ ಶಾಲೆಯಲ್ಲಿ ಹಿಂದೆ ಕಲಿತ ಬಾಲಕಿಯೊಬ್ಬಳು ತಂದೆಯೊಡನೆ ನನ್ನಲ್ಲಿಗೆ ಬಂದಿದ್ದಳು. ಸಂಜೆಯಾದರೂ ಫಲಿತಾಂಶದ ಪುಟ ತೆರೆಯಲಿಲ್ಲ. “ಅಷ್ಟು ದೊಡ್ಡ ಕಂಪ್ಯೂಟರಿಗೂ ಕೈಸೋತಿತೇ, ಮಾಷ್ಟ್ರೇ?” ಎಂದು ತಂದೆ ಕೇಳಿದರು. ಇಂತಹ ತೊಡಕಿಗೆ ಕಾರಣಗಳು ಹಲವು. ಅವುಗಳಲ್ಲೊಂದು ನಮ್ಮ ಶಾಲಾನುಭವಕ್ಕೆ ತೀರ ಸಮೀಪವಾದುದರಿಂದ ವಾಚಕರ ಮುಂದಿಡುತ್ತೇನೆ.

ಸರ್ವರ್ ಎಂಬ ಕಂಪ್ಯೂಟರಿನಲ್ಲಿ ಹಳೆಯ ಕ್ರಮವೆಂದರೆ, ಬಂದ ಪ್ರತಿಯೊಂದು ಸಂಪರ್ಕಕ್ಕೂ ಒಬ್ಬೊಬ್ಬ ಕೆಲಸಗಾರನನ್ನು ನೇಮಿಸುವುದು. ಅವನಿಗೆ ಥ್ರೆಡ್ ಎಂದು ಹೆಸರು. ಅತ್ತಲಿಂದ ಅಕ್ಷರಗಳು ತಡವಾಗಿ ಬಂದರೆ ಅವನು ಅಲ್ಲಿಯೇ ಸುಮ್ಮನೆ ನಿಂತಿರುತ್ತಾನೆ, ಬೇರೆಯವರತ್ತ ನೋಡಲಾರ. ನಿಂತವನಿಗೂ ಕಂಪ್ಯೂಟರಿನ ಮೆಮೊರಿಯಲ್ಲಿ ಜಾಗ ಬೇಕು. ಸಾವಿರಾರು ಮಂದಿ ಹೀಗೆ ನಿಂತರೆ, ದುಡಿಮೆ ಅಲ್ಪವಾದರೂ ಜಾಗ ಮುಗಿಯುತ್ತದೆ. ಒಂದೇ ಸರ್ವರು ಏಕಕಾಲದಲ್ಲಿ 10,000 ಸಂಪರ್ಕಗಳನ್ನು ನಿಭಾಯಿಸುವುದು ಹೇಗೆಂಬ ಪ್ರಶ್ನೆಯನ್ನು 1999ರಲ್ಲಿ ಡಾನ್ ಕೆಗೆಲ್ ಎಂಬವರು ಮುಂದಿಟ್ಟರು.

ಉಪಾಧ್ಯಾಯರ ಕೊರತೆಯಿದ್ದ ದಿನಗಳಲ್ಲಿ ನಾನೊಬ್ಬನೇ ನಾಲ್ಕು ತರಗತಿಗಳನ್ನು ನಡೆಸಿದ್ದುಂಟು. ಮೂರನೆಯವರಿಗೆ ಲೆಕ್ಕ ಕೊಟ್ಟು ಒಂದನೆಯವರ ಅಕ್ಷರ ತಿದ್ದಲು ಹೋಗಬೇಕು. ಲೆಕ್ಕ ಮುಗಿಸಿದವನು ಸ್ಲೇಟು ಎತ್ತಿದಾಗ ಮರಳಿ ಬರಬೇಕು. ಮಗು ಲೆಕ್ಕ ಮಾಡುತ್ತಿರುವಷ್ಟು ಹೊತ್ತೂ ಪಕ್ಕದಲ್ಲಿ ನಿಂತರೆ ಶಾಲೆ ನಡೆಯದು. ಹೊಸ ಕ್ರಮವೂ ಇದೇ. ಸಂಪರ್ಕದಲ್ಲಿ ಓದಲು ಏನೂ ಬಂದಿರದಿದ್ದರೆ “ಈಗ ಇಲ್ಲ” ಎಂಬ ಉತ್ತರ ಕೂಡಲೇ ದೊರೆಯುತ್ತದೆ. ಕೆಲಸಗಾರ ತಡೆದು ನಿಲ್ಲುವುದಿಲ್ಲ. ಯಾರು ಸ್ಲೇಟು ಎತ್ತಿದ್ದಾರೆಂದು ತಿಳಿಸುವ ಕೆಲಸವನ್ನು ಲಿನಕ್ಸ್‌ನಲ್ಲಿ ಇ-ಪೋಲ್ ಎಂಬ ಏರ್ಪಾಡು ಮಾಡುತ್ತದೆ. ರಷ್ಯಾದ ಇಗೋರ್ ಸಿಸೋಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶ ಈ ಕ್ರಮದಲ್ಲಿ ನಡೆಯುತ್ತದೆ. ಅಲ್ಲಿ ಕೆಲವೇ ಕೆಲಸಗಾರರು ಸಾವಿರಾರು ಸಂಪರ್ಕಗಳನ್ನು ನೋಡಿಕೊಳ್ಳುತ್ತಾರೆ.

ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಸಂದೇಶವು ತುಂಡುತುಂಡಾಗಿ ಬರುವುದರಿಂದ, ಯಾರದು ಎಲ್ಲಿಗೆ ನಿಂತಿತೆಂದು ಪ್ರತ್ಯೇಕ ಬರೆದಿಡಬೇಕು. ಎರಡನೆಯದಾಗಿ, ಉಪಾಧ್ಯಾಯನೇ ಒಂದು ದೀರ್ಘ ಲೆಕ್ಕಕ್ಕೆ ಕುಳಿತರೆ ನಾಲ್ಕು ತರಗತಿಗಳೂ ಅನಾಥ. ಅಂತಹ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬೇಕು. ದಾಖಲೆಗಳ ಭಂಡಾರವೇ ನಿಧಾನವಾದರೆ ಈ ಜಾಣ್ಮೆಯೂ ಸಾಲದು.

ರಾತ್ರಿ ಒಂಬತ್ತಕ್ಕೆ ಪುಟ ತೆರೆಯಿತು; ಹುಡುಗಿ ತೇರ್ಗಡೆಯಾಗಿದ್ದಳು. ಅಷ್ಟು ಹೊತ್ತೂ ಆ ತಂದೆ ಒಂದು ತೊಟ್ಟು ನೀರನ್ನೂ ಕುಡಿದಿರಲಿಲ್ಲ. ಯಂತ್ರಕ್ಕೆ ಕಾಯುವಿಕೆಯ ಭಾರ ತಿಳಿಯದು. ಅದನ್ನು ರೂಪಿಸುವವರಿಗೆ ತಿಳಿದಿರಬೇಕು.