ಅಗಸಿ ಹಿಂಡಿ ಮತ್ತು ಬಿ.ಪಿ. ಮಾತ್ರೆ

ಬಾಣಲೆಯಲ್ಲಿ ಅಗಸೆ ಚಟಪಟ ಸಿಡಿಯುವವರೆಗೆ ಹುರಿದು, ಆರಿಸಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿದರೆ ರೊಟ್ಟಿಗೆ ಹಿಂಡಿ ಸಿದ್ಧ. ಉತ್ತರ ಕರ್ನಾಟಕದ ಈ ಹಿಂಡಿಯನ್ನೇ ತೋರಿಸಿ, 'ಬಿ.ಪಿ.ಗೆ ಔಷಧ ಇದರಲ್ಲೇ ಇದೆ, ಮಾತ್ರೆ ಯಾಕೆ?' ಎನ್ನುವವರಿದ್ದಾರೆ. ಮಾತಿನ ಮೊದಲರ್ಧದಲ್ಲಿ ಹುರುಳಿದೆ, ಎರಡನೆಯರ್ಧ ಅಪಾಯಕಾರಿ.

ನಮ್ಮ ದೇಹದಲ್ಲಿ ಎಸಿಇ ಎಂಬ ಕಿಣ್ವವಿದೆ. ಅದು ಆಂಜಿಯೋಟೆನ್ಸಿನ್-1 ಎಂಬ ನಿರುಪದ್ರವಿಯನ್ನು ಕತ್ತರಿಸಿ ಆಂಜಿಯೋಟೆನ್ಸಿನ್-2 ಮಾಡುತ್ತದೆ. ಇದು ರಕ್ತನಾಳಗಳನ್ನು ಬಿಗಿಯುತ್ತದೆ, ಒತ್ತಡ ಏರುತ್ತದೆ. ಅಗಸೆ, ಸೋಯಾ, ಹೆಸರು, ಕಡಲೆಗಳ ಪ್ರೋಟೀನನ್ನು ತುಂಡರಿಸಿದಾಗ ಸಿಗುವ ಕೆಲವು ಪೆಪ್ಟೈಡ್‌ಗಳು, ಅಂದರೆ ಅಮೈನೋ ಆಮ್ಲಗಳ ಪುಟ್ಟ ಸರಗಳು, ಆ ಕಿಣ್ವಕ್ಕೆ ಅಂಟಿಕೊಂಡು ಅದರ ಕತ್ತರಿಯನ್ನು ತಡೆಯುತ್ತವೆ. ಪ್ರಯೋಗನಾಳದಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ಆದರೆ ಪ್ರಯೋಗನಾಳಕ್ಕೆ ಜಠರವಿಲ್ಲ. ನಾವು ತಿಂದ ಪೆಪ್ಟೈಡ್ ಜೀರ್ಣರಸಕ್ಕೆ ಸಿಕ್ಕಿ ಚೂರಾಗದೆ ರಕ್ತ ಸೇರಬೇಕಲ್ಲ?

ಈ ತೊಡಕು ಹಳೆಯದು. ಬ್ರೆಜಿಲ್‌ನ ಜರರಾಕಾ ಹಾವಿನ ವಿಷದಲ್ಲಿ ವಿಜ್ಞಾನಿ ಸೆರ್ಜಿಯೊ ಫೆರೇರಾ 1960ರ ದಶಕದಲ್ಲಿ ಗುರುತಿಸಿದ ಪೆಪ್ಟೈಡ್‌ಗಳೂ ಎಸಿಇಯನ್ನು ತಡೆಯುವಂಥವೇ. ಅಂಥದೊಂದು, ಒಂಬತ್ತು ಅಮೈನೋ ಆಮ್ಲಗಳ ಟೆಪ್ರೊಟೈಡ್, ಚುಚ್ಚಿದರೆ ಒತ್ತಡ ಇಳಿಸುತ್ತಿತ್ತು, ನುಂಗಿದರೆ ಉಪಯೋಗವಿರಲಿಲ್ಲ. ಕುಶ್‌ಮನ್ ಮತ್ತು ಒಂಡೆಟ್ಟಿ ಎಂಬ ವಿಜ್ಞಾನಿಗಳು ಅದರ ಗುಟ್ಟು ಹಿಡಿದು, ನುಂಗಬಹುದಾದ ಚಿಕ್ಕ ಅಣು ಕಟ್ಟಿದರು. 1981ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕ್ಯಾಪ್ಟೊಪ್ರಿಲ್ ಅದೇ. ಎನಲಾಪ್ರಿಲ್, ರಾಮಿಪ್ರಿಲ್ ಅದರ ಮನೆತನದವು. ಪ್ರಕೃತಿಗೂ ಮಾತ್ರೆಗೂ ಹಗೆತನ ಕಟ್ಟುವವರು ಈ ಕತೆ ಕೇಳಬೇಕು.

ಹಾಗೆಂದು ಅಗಸೆಯನ್ನು ತಳ್ಳಿಹಾಕುವಂತಿಲ್ಲ. ಕಾಲಿನ ರಕ್ತನಾಳ ಕಿರಿದಾದ ಕೆನಡಾದ ರೋಗಿಗಳ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಆರು ತಿಂಗಳು ದಿನಕ್ಕೆ 30 ಗ್ರಾಂ ಅಗಸೆಪುಡಿ ತಿಂದವರ ರಕ್ತದೊತ್ತಡದ ಮೇಲಿನ ಅಂಕಿ (ಸಿಸ್ಟೋಲಿಕ್), ತಿನ್ನದವರಿಗಿಂತ ಸುಮಾರು 10 ಅಂಕ ಕಡಿಮೆಯಿತ್ತು. ದೊಡ್ಡ ಇಳಿಕೆಯೇ. ಆದರೆ ಅದು ಪೆಪ್ಟೈಡ್‌ನಿಂದಲೋ, ಒಮೆಗಾ-3 ಕೊಬ್ಬಿನಿಂದಲೋ, ಲಿಗ್ನಾನ್ ಎಂಬ ಸಸ್ಯ ಸಂಯುಕ್ತದಿಂದಲೋ, ನಾರಿನಿಂದಲೋ ಎಂದು ಇಡೀ ಬೀಜ ತಿನ್ನಿಸಿ ಬಿಡಿಸಿ ಹೇಳಲಾಗದು. ಅವರಲ್ಲಿ ಹಲವರು ಬಿ.ಪಿ. ಮಾತ್ರೆ ನುಂಗುತ್ತಲೇ ಇದ್ದರು.

ಅಧಿಕ ರಕ್ತದೊತ್ತಡ ಸದ್ದು ಮಾಡದ ಕಾಯಿಲೆ. ತಲೆನೋವಿಲ್ಲ, ಸುಸ್ತಿಲ್ಲ ಎಂದು ಮಾತ್ರೆ ಬಿಟ್ಟು ಪುಡಿ ನಂಬಿದವರಿಗೆ ಲಕ್ವ ಹೊಡೆದರೆ, ಆ ಮನೆಯವರಿಗೆ ಏನು ಸಮಾಧಾನ ಹೇಳುವುದು? ಸಂಶೋಧನೆ ಸಾಗಲಿ, ಬೀಜದ ಪೆಪ್ಟೈಡ್ ಮನುಷ್ಯರಲ್ಲಿ ಪರೀಕ್ಷೆ ಗೆದ್ದು ಬರಲಿ. ಅಲ್ಲಿಯವರೆಗೆ ಹಿಂಡಿಯ ಒರಳಿನಲ್ಲಿ ಉಪ್ಪೂ ಇದೆಯೆಂಬುದು ನೆನಪಿರಲಿ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪು ಅರ್ಧ ಮಾಡಿ ಹಿಂಡಿ ಕುಟ್ಟಿ, ಧಾರಾಳವಾಗಿ ತಿನ್ನಿ. ಮಾತ್ರೆ ಇಳಿಸುವ ಮಾತು ತೋಳಿಗೆ ಪಟ್ಟಿ ಸುತ್ತಿ ಅಳೆದ ಡಾಕ್ಟರಿಂದ ಬರಲಿ.