ಬಸುರಿಗೆ ರಕ್ತ ಕಡಿಮೆ, ಉಪದೇಶ ಜಾಸ್ತಿ

ನಮ್ಮ ಮನೆಗಳಲ್ಲಿ ಹೆಣ್ಣುಮಗಳೊಬ್ಬಳು ಬಸುರಿಯಾದಳೆಂದರೆ ಸಾಕು, ನೆಂಟರಿಷ್ಟರೆಲ್ಲ ವೈದ್ಯರಾಗುತ್ತಾರೆ. ಒಬ್ಬರು ಕೇಸರಿ ತರುತ್ತಾರೆ, ಇನ್ನೊಬ್ಬರು ದಾಳಿಂಬೆ ತರುತ್ತಾರೆ, ಮೂರನೆಯವರು ಪಪ್ಪಾಯಿ ಮುಟ್ಟಬೇಡ ಎಂದು ಎಚ್ಚರಿಸಿ ಹೋಗುತ್ತಾರೆ. ಆಮೇಲೆ ರಕ್ತಪರೀಕ್ಷೆಯ ಚೀಟಿ ಬರುತ್ತದೆ. ಹಿಮೋಗ್ಲೋಬಿನ್ 9 ಎಂದು ಅದರಲ್ಲಿ ಬರೆದಿರುತ್ತದೆ. ಆಗ ಎಲ್ಲರೂ ಒಂದೇ ದನಿಯಲ್ಲಿ ಹೇಳುವುದು ಇಷ್ಟೇ: “ಸರಿಯಾಗಿ ತಿನ್ನಬೇಕಮ್ಮಾ!” ಚೀಟಿ ಫ್ರಿಜ್ಜಿನ ಮೇಲೆ ಸೇರುತ್ತದೆ, ಪ್ರಕರಣ ಮುಕ್ತಾಯವಾಗುತ್ತದೆ.

ಈ ‘ಸರಿಯಾಗಿ ತಿನ್ನು’ ಎಂಬ ಉಪದೇಶದ ಮೇಲೆಯೇ ನಮ್ಮ ತಕರಾರು. ಕೇಳಲು ಅದು ಅಕ್ಕರೆಯ ಮಾತು. ತೂಗಿ ನೋಡಿದರೆ, ಮನೆಮಂದಿಯೆಲ್ಲ ಕೂಡಿ ಹೊರಬೇಕಾದ ಹೊರೆಯನ್ನು ಒಬ್ಬಳ ತಲೆಯ ಮೇಲಿಟ್ಟು ಜಾರಿಕೊಳ್ಳುವ ಮಾತು. ಬಸುರಿಯ ರಕ್ತ ಕಡಿಮೆಯಾಗಿದ್ದರೆ ಅದು ಇಡೀ ಮನೆಯ ಲೆಕ್ಕದಲ್ಲಿ ಬಿದ್ದ ಖೋತಾ. ಅದನ್ನು ತುಂಬಿಕೊಡಬೇಕಾದವರು ಮನೆಯವರು. ನಾವು ವಾದಿಸಹೊರಟಿರುವುದು ಇಷ್ಟನ್ನೇ.

ಮೊದಲು ಅಂಕಿಗಳನ್ನು ನೋಡೋಣ. ನಮ್ಮ ಸರಕಾರದ ಮಾನದಂಡದಂತೆ ಬಸುರಿಯ ಹಿಮೋಗ್ಲೋಬಿನ್ ಒಂದು ಡೆಸಿಲೀಟರ್ ರಕ್ತದಲ್ಲಿ 11 ಗ್ರಾಂ ಇರಬೇಕು. ಅದಕ್ಕಿಂತ ಇಳಿದರೆ ರಕ್ತಹೀನತೆ. 7ಕ್ಕಿಂತ ಇಳಿದರೆ ತೀವ್ರ ರಕ್ತಹೀನತೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರ ಪೈಕಿ ನೂರಕ್ಕೆ 50.4 ಮಂದಿಗೆ ರಕ್ತಹೀನತೆ ಇತ್ತು. 2019–21ರ ಸಮೀಕ್ಷೆಯಲ್ಲಿ ಅದು 52.2ಕ್ಕೆ ಏರಿತು. ರಕ್ತಹೀನತೆಯನ್ನು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1970ರಲ್ಲಿ. ಅರ್ಧ ಶತಮಾನ ಮಾತ್ರೆ ಹಂಚಿದ ಮೇಲೂ ಅರ್ಧಕ್ಕಿಂತ ಹೆಚ್ಚು ಬಸುರಿಯರು ರಕ್ತವಿಲ್ಲದೆ ಬಿಳಿಚಿಕೊಂಡಿದ್ದರೆಂದರೆ ಏನರ್ಥ? ಅದೇ 2019–21ರ ಸಮೀಕ್ಷೆಯ ಇನ್ನೊಂದು ಅಂಕಿ ಉತ್ತರ ಹೇಳುತ್ತದೆ. ಬಸುರಿನಲ್ಲಿ 180 ದಿನ ಕಬ್ಬಿಣದ ಮಾತ್ರೆ ನುಂಗಿದ ತಾಯಂದಿರು ನೂರಕ್ಕೆ 26 ಮಂದಿ ಮಾತ್ರ. ಮಾತ್ರೆ ಸಿಗದೆ ಹೋದದ್ದೂ ಉಂಟು; ಸಿಕ್ಕಿದ ಮಾತ್ರೆ ಕಪಾಟಿನಲ್ಲೇ ಉಳಿದದ್ದೂ ಉಂಟು.

ಇದು ಬಡವರ ಮನೆಯ ರೋಗ, ನಮಗೇನು ಎನ್ನುವವರಿಗೆ ಒಂದು ಮಾತು. ಎರಡು ಕೋಣೆಯ ಫ್ಲ್ಯಾಟು, ತಿಂಗಳ ಸಂಬಳ, ತುಪ್ಪದ ಡಬ್ಬ ಇದ್ದ ಮಾತ್ರಕ್ಕೆ ರಕ್ತದಲ್ಲಿ ಕಬ್ಬಿಣ ಇರುವುದಿಲ್ಲ. ಅನುಕೂಲಸ್ಥರ ಮನೆಗಳಲ್ಲೂ ಈ ಕೊರತೆ ಧಾರಾಳವಾಗಿ ಉಂಟು. ಕಾರಣವೂ ಸರಳ. ಗರ್ಭ ನಿಂತ ಮೇಲೆ ತಾಯಿಯ ಮೈಯಲ್ಲಿ ರಕ್ತದ ನೀರಿನಂಶ ಒಂದೂವರೆ ಪಾಲಿನ ಹತ್ತಿರಕ್ಕೆ ಬೆಳೆಯುತ್ತದೆ. ಕೆಂಪು ಕಣಗಳು ಅಷ್ಟು ಬೆಳೆಯುವುದಿಲ್ಲ. ಇದ್ದ ಸಾರಿಗೆ ನೀರು ಹೊಯ್ದಂತೆ ರಕ್ತ ತೆಳುವಾಗುತ್ತದೆ. ಹೊಸ ಕೆಂಪು ಕಣಗಳಿಗೆ, ಮಗುವಿಗೆ, ಮಾಸಿಗೆ, ಹೆರಿಗೆಯಲ್ಲಿ ಹೋಗುವ ರಕ್ತಕ್ಕೆ ಎಲ್ಲಾ ಕೂಡಿ ಒಂದು ಬಸುರಿಗೆ ಬೇಕಾದ ಕಬ್ಬಿಣ ಸುಮಾರು 1000 ಮಿಲಿಗ್ರಾಂ. ಅಂದರೆ ಒಂದೇ ಒಂದು ಗ್ರಾಂ! ಸೀಮಂತಕ್ಕೆಂದು ಹತ್ತು ಗ್ರಾಂ ಚಿನ್ನ ತೂಗಿಸಿ ತರುವ ಮನೆ ಈ ಒಂದು ಗ್ರಾಂ ಕಬ್ಬಿಣದ ಲೆಕ್ಕ ಇಡುವುದಿಲ್ಲ.

ಲೆಕ್ಕ ಇಡದಿದ್ದರೆ ಏನಾಗುತ್ತದೆ? ಸ್ಟೇಶನ್ನಿನ ಮೆಟ್ಟಿಲು ಹತ್ತುವಾಗ ಬರುವ ಏದುಸಿರು, ಕಣ್ಣುಕತ್ತಲೆ, ದಣಿವು, ಇವು ಕಣ್ಣಿಗೆ ಕಾಣುವ ಭಾಗ. ಮಗು ದಿನ ತುಂಬುವ ಮೊದಲೇ ಹುಟ್ಟಬಹುದು, ತೂಕ ಕಡಿಮೆಯಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹೆರಿಗೆಯ ಹೊತ್ತಿನಲ್ಲಿ ಹೆಚ್ಚು ರಕ್ತ ಹೋದರೆ, ಮೊದಲೇ ರಕ್ತವಿಲ್ಲದವಳು ತಡೆದುಕೊಳ್ಳಲಾರಳು. ನಮ್ಮ ದೇಶದಲ್ಲಿ ತಾಯಂದಿರ ಸಾವಿಗೆ ರಕ್ತಸ್ರಾವ ದೊಡ್ಡ ಕಾರಣ. ಹಾಗೆ ಸತ್ತವಳ ಮನೆಯಲ್ಲಿ ‘ವಿಧಿ’ ಎನ್ನುತ್ತಾರೆ. ಎಷ್ಟೋ ಸಲ ಆ ವಿಧಿ ಐದು ತಿಂಗಳು ಮೊದಲೇ ರಕ್ತಪರೀಕ್ಷೆಯ ಚೀಟಿಯಲ್ಲಿ ಅಂಕಿಯಲ್ಲಿ ಬರೆದು ಬಂದಿರುತ್ತದೆ.

ಈಗ ದಾಳಿಂಬೆ, ಬೀಟ್‌ರೂಟುಗಳ ವಿಚಾರ. ಕೆಂಪು ತಿಂದರೆ ಕೆಂಪು ರಕ್ತ ಎಂಬುದು ಬಣ್ಣದ ತರ್ಕ. ನೂರು ಗ್ರಾಂ ಬೀಟ್‌ರೂಟಿನಲ್ಲಿರುವ ಕಬ್ಬಿಣ ಸುಮಾರು ಒಂದು ಮಿಲಿಗ್ರಾಂ. ದಾಳಿಂಬೆಯಲ್ಲಿ ಅದರ ಮೂರನೆಯ ಒಂದು ಪಾಲು. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಸಕ್ಕರೆ ಲೇಪದ ಕೆಂಪು ಮಾತ್ರೆ ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಅಷ್ಟು ಕಬ್ಬಿಣವನ್ನು ಬೀಟ್‌ರೂಟಿನಿಂದಲೇ ಪಡೆಯುತ್ತೇನೆಂದರೆ ದಿನಕ್ಕೆ ಆರು ಕಿಲೋ ತಿನ್ನಬೇಕು! ಹಣ್ಣು ತಿನ್ನಬಾರದೆಂದು ನಾವು ಹೇಳುವುದಿಲ್ಲ. ಹರಿವೆ, ನುಗ್ಗೆಸೊಪ್ಪು, ಹೆಸರುಕಾಳು, ಹುರುಳಿ, ಮೊಳಕೆ ಬರಿಸಿದ ರಾಗಿ, ತಿನ್ನುವವರಾದರೆ ಮೀನು, ಮಾಂಸ ಎಲ್ಲವೂ ಬೇಕು. ನೆಲ್ಲಿಕಾಯಿಯೋ ಪೇರಳೆಯೋ ಲಿಂಬೆಯ ರಸವೋ ಊಟದ ಜೊತೆಗಿದ್ದರೆ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಪದಾರ್ಥ ಕುದಿಸಿದರೆ ಅದರಿಂದಲೂ ಸ್ವಲ್ಪ ಬಂದೀತು. ಆದರೆ ಇವೆಲ್ಲ ಊಟ. ರಕ್ತ 9ಕ್ಕೆ ಇಳಿದ ಮೇಲೆ ಬೇಕಾದದ್ದು ಮದ್ದು. ಊಟ ಮದ್ದಿನ ಜೊತೆಗಿರಬೇಕು, ಮದ್ದಿನ ಜಾಗಕ್ಕೆ ಬರಬಾರದು.

ಇನ್ನು ನಮ್ಮ ಪ್ರಾಣಪ್ರಿಯ ಕಾಫಿ. ಅಮೆರಿಕದಲ್ಲಿ ನಡೆಸಿ 1983ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಊಟದೊಡನೆ ಒಂದು ಲೋಟ ಕಾಫಿ ಕುಡಿದಾಗ ಆ ಊಟದ ಕಬ್ಬಿಣ ಮೈಗೆ ಸೇರುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಚಹ ಕುಡಿದಾಗ 64ರಷ್ಟು. ಊಟಕ್ಕೆ ಒಂದು ತಾಸು ಮೊದಲು ಕುಡಿದ ಕಾಫಿಯಿಂದ ಬಾಧೆಯಿಲ್ಲ. ಊಟವಾದ ಒಂದು ತಾಸಿನ ಮೇಲೆ ಕುಡಿದರೂ ಊಟದೊಡನೆ ಕುಡಿದಷ್ಟೇ ನಷ್ಟ. ನಮ್ಮ ಮನೆಗಳಲ್ಲಿ ತಿಂಡಿಯ ತಟ್ಟೆಯ ಪಕ್ಕದಲ್ಲೇ ಕಾಫಿಯ ಲೋಟ, ಆ ಕಾಫಿಯಲ್ಲೇ ಮಾತ್ರೆ! ಅದರ ಮೇಲೆ, ಎರಡನ್ನೂ ಒಟ್ಟಿಗೆ ಮುಗಿಸಿಬಿಡೋಣವೆಂದು ಕ್ಯಾಲ್ಸಿಯಂ ಮಾತ್ರೆಯೂ ಅದೇ ಗುಟುಕಿನಲ್ಲಿ. ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡ. ಎರಡರ ನಡುವೆ ಕಡೆಯ ಪಕ್ಷ ಎರಡು ತಾಸಿನ ಅಂತರ ಬೇಕು. ಬಸುರಿಯೊಬ್ಬಳೇ ಕಾಫಿ ಬಿಡಬೇಕೆಂದರೆ ಅದು ಆಗದ ಮಾತು. ಮನೆಯವರೆಲ್ಲರ ಕಾಫಿಯ ವೇಳೆಯೇ ಊಟ ತಿಂಡಿಗಳಿಂದ ದೂರ ಸರಿಯಬೇಕು. ಅತ್ತೆ ಮಾವಂದಿರು, ಗಂಡ, ಮೈದುನ ಇಷ್ಟು ಮಾಡಿದರೆ ಹತ್ತು ದಾಳಿಂಬೆ ತಂದುದಕ್ಕಿಂತ ಹೆಚ್ಚು.

ಕಾಫಿಗಿಂತ ಗಹನವಾದದ್ದು ಊಟದ ಪಂಕ್ತಿ. ಮುಂಬಯಿಯ ನಮ್ಮ ಹೆಣ್ಣುಮಗಳು ನಸುಕಿನಲ್ಲೆದ್ದು ನೀರು ತುಂಬಿ, ಡಬ್ಬಿ ಕಟ್ಟಿ, ಲೋಕಲ್ ಹಿಡಿದು, ಸಂಜೆ ಮರಳಿ ಅಡಿಗೆ ಮಾಡಿ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಾಳೆ. ಅಷ್ಟರಲ್ಲಿ ಪಲ್ಯದ ಬಟ್ಟಲು ತಳ ಕಂಡಿರುತ್ತದೆ; ಸಾರಿನಲ್ಲಿ ಬೇಳೆ ಇರುವುದಿಲ್ಲ, ತಿಳಿ ಇರುತ್ತದೆ. ಅನ್ನ, ತಿಳಿ, ಉಪ್ಪಿನಕಾಯಿ ಉಂಡು ಕೈತೊಳೆದವಳಿಗೆ ನಾವು ಹೇಳುವುದು ‘ಸರಿಯಾಗಿ ತಿನ್ನು’! ಏನನ್ನು ತಿನ್ನಬೇಕು? ಬಸುರಿಯ ಎಲೆಗೆ ಮೊದಲು ಬಡಿಸುವ ಪದ್ಧತಿ ಸೀಮಂತದ ಒಂದು ದಿನಕ್ಕೆ ಇದೆ. ಅದನ್ನು ಒಂಬತ್ತು ತಿಂಗಳಿಗೆ ವಿಸ್ತರಿಸಿದರೆ ಯಾವ ಶಾಸ್ತ್ರವೂ ಕೆಡುವುದಿಲ್ಲ.

ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ ಎಂಬ ಮಾತನ್ನು ಓದುಬರಹ ಬಲ್ಲವರ ಬಾಯಲ್ಲೂ ಕೇಳುತ್ತೇವೆ. ಮಗುವಿನ ಬಣ್ಣ ತಂದೆತಾಯಿಗಳಿಂದ ಬರುತ್ತದೆ. ಮಾತ್ರೆಯಿಂದ ಕಪ್ಪಾಗುವುದು ಮಲ ಮಾತ್ರ. ಅದು ಸಹಜ, ಹೆದರಬೇಕಾದದ್ದಲ್ಲ. ಹೊಟ್ಟೆ ತೊಳಸುವುದು, ಮಲಬದ್ಧತೆ ಇವು ನಿಜವಾದ ತೊಂದರೆಗಳು. ಅವುಗಳಿಗೆ ಉಪಾಯ ಉಂಟು: ವೇಳೆ ಬದಲಿಸುವುದು, ಊಟವಾದ ಒಂದು ತಾಸಿನ ಮೇಲೆ ನುಂಗುವುದು, ವೈದ್ಯರನ್ನು ಕೇಳಿ ಬೇರೆ ಬಗೆಯ ಮಾತ್ರೆ ಪಡೆಯುವುದು. ಯಾವುದೂ ಒಗ್ಗದಿದ್ದರೆ, ಇಲ್ಲವೆ ದಿನಗಳು ಹತ್ತಿರ ಬಂದಿದ್ದರೆ, ಮೂರು ತಿಂಗಳು ಕಳೆದ ಮೇಲೆ ಆಸ್ಪತ್ರೆಯಲ್ಲಿ ನರದ ಮೂಲಕ ಕಬ್ಬಿಣ ಕೊಡುವ ಚಿಕಿತ್ಸೆಯೂ ಇದೆ. ಒಂದು ತಿಂಗಳು ನೇಮದಿಂದ ನುಂಗಿಯೂ ಹಿಮೋಗ್ಲೋಬಿನ್ ಏರದಿದ್ದರೆ ಬಿ-12ರ ಕೊರತೆಯೋ, ಕೊಕ್ಕೆಹುಳುವೋ, ಥಲಸೀಮಿಯಾದಂಥ ಆನುವಂಶಿಕ ದೋಷವೋ ಎಂದು ವೈದ್ಯರು ಹುಡುಕಬೇಕಾಗುತ್ತದೆ. ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದರೆ ಈ ಯಾವ ದಾರಿಯೂ ತೆರೆಯುವುದಿಲ್ಲ.

“ನಮ್ಮಜ್ಜಿ ಹತ್ತು ಹೆತ್ತಳು, ಯಾವ ಮಾತ್ರೆ ನುಂಗಿದ್ದಳು?” ಎಂದು ಸವಾಲು ಹಾಕುವವರು ದಯವಿಟ್ಟು ತಮ್ಮ ವಂಶವೃಕ್ಷವನ್ನು ಬಿಡಿಸಿ ನೋಡಲಿ. ಮುತ್ತಜ್ಜನಿಗೆ ಎರಡನೆಯ ಹೆಂಡತಿ ಏಕೆ ಬಂದಳು? ಮೊದಲನೆಯವಳು ಎಲ್ಲಿ ಹೋದಳು? ಎಷ್ಟೋ ಮನೆತನಗಳಲ್ಲಿ ಉತ್ತರ ಒಂದೇ: ಹೆರಿಗೆಯಲ್ಲಿ, ಇಲ್ಲವೆ ಬಾಣಂತಿತನದಲ್ಲಿ. ಹತ್ತು ಹೆತ್ತು ಬದುಕಿದ ಅಜ್ಜಿಯ ಕಥೆ ನಮಗೆ ತಲುಪಿದೆ. ಬದುಕದ ಅಜ್ಜಿಯರಿಗೆ ತಮ್ಮ ಕಥೆ ಹೇಳುವ ಅವಕಾಶವೇ ಸಿಗಲಿಲ್ಲ.

ಈ ವಿಷಯದಲ್ಲಿ ನಾವಿರುವ ಮುಂಬಯಿಗೆ ಜಗತ್ತಿನಲ್ಲೇ ಒಂದು ಸ್ಥಾನವಿದೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಇಲ್ಲಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರಲ್ಲಿ ಕಾಣುತ್ತಿದ್ದ ಒಂದು ಬಗೆಯ ಭಾರಿ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಬೇರು ಊಟದಲ್ಲಿದೆಯೆಂದು ಗುರುತಿಸಿ, ಯೀಸ್ಟಿನ ಸಾರವಾದ ಮಾರ್ಮೈಟ್ ಕೊಟ್ಟು ಗುಣಪಡಿಸಿ, 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಗುಣಕಾರಿ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಇಂದು ಕೆಂಪು ಮಾತ್ರೆಯಲ್ಲಿ ಕಬ್ಬಿಣದ ಜೊತೆಗಿರುವುದು ಅದೇ. ಪರಳ-ದಾದರಿನ ಬಡ ಹೆಂಗಸರಂಥವರ ಸಂಕಟದಿಂದ ಹುಟ್ಟಿದ ವಿದ್ಯೆಯನ್ನು ಅದೇ ಊರಿನಲ್ಲಿ ಕುಳಿತು ಕಸದ ಬುಟ್ಟಿಗೆ ಹಾಕುವುದು ನ್ಯಾಯವೇ?

ಊರು ಬಿಟ್ಟು ಬಂದ ನಮ್ಮಂಥವರಿಗೆ ಇನ್ನೊಂದು ಅಪಾಯ ವಿಶೇಷವಾಗಿ ಉಂಟು. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ, ಉದ್ಯಾನ ಎಕ್ಸ್‌ಪ್ರೆಸ್ಸಿನಲ್ಲೋ ಮತ್ಸ್ಯಗಂಧಾದಲ್ಲೋ ಹುಡುಗಿಯನ್ನು ತವರಿಗೆ ಕಳಿಸುತ್ತೇವೆ. ಸೀರೆ, ಬಳೆ, ಉಂಡೆ ಚಕ್ಕುಲಿಯ ಡಬ್ಬ ಎಲ್ಲವೂ ಪೆಟ್ಟಿಗೆಗೆ ಸೇರುತ್ತವೆ. ಆಸ್ಪತ್ರೆಯ ಕಾಗದಗಳು ಮಾತ್ರ ಇಲ್ಲೇ ಉಳಿಯುತ್ತವೆ. ಅಲ್ಲಿಯ ವೈದ್ಯರಿಗೆ ಇಲ್ಲಿಯ ಅಂಕಿ ಗೊತ್ತಿಲ್ಲ. ಮಾತ್ರೆಯ ಸರಪಳಿ ರೈಲಿನಲ್ಲೇ ಕಡಿಯುತ್ತದೆ, ಅದೂ ಮಗು ಕಬ್ಬಿಣವನ್ನು ಹೆಚ್ಚು ಎಳೆದುಕೊಳ್ಳುವ ಕೊನೆಯ ಮೂರು ತಿಂಗಳಲ್ಲಿ. ಕರ್ನಾಟಕದಲ್ಲಿ ತಾಯಿ ಕಾರ್ಡ್ ಎಂದು ಕರೆಯುವ ಆರೈಕೆಯ ಪುಸ್ತಕ, ಎಲ್ಲ ಪರೀಕ್ಷೆಯ ಚೀಟಿಗಳು, ಎರಡು ತಿಂಗಳ ಮಾತ್ರೆ, ಇವು ಬಳೆಗಳಿಗಿಂತ ಮೊದಲು ಪೆಟ್ಟಿಗೆ ಸೇರಬೇಕು. ಬಾಣಂತನದಲ್ಲೂ ಅಷ್ಟೇ. ಹೆರಿಗೆಯಾದ ಮೇಲೆ ಇನ್ನೂ 180 ದಿನ ಮಾತ್ರೆ ಮುಂದುವರಿಯಬೇಕೆಂಬುದು ಸರಕಾರದ ಕ್ರಮ. ನಮ್ಮಲ್ಲಿ ಪಥ್ಯದ ಹೆಸರಿನಲ್ಲಿ ಸೊಪ್ಪು, ಹಣ್ಣುಗಳ ಜೊತೆಗೆ ಮಾತ್ರೆಯನ್ನೂ ನಿಲ್ಲಿಸಿಬಿಡುತ್ತಾರೆ. ರಕ್ತ ಕಳೆದುಕೊಂಡವಳಿಗೆ ಇದೆಂಥ ಪಥ್ಯ?

ನಮ್ಮ ಸಂಘಸಂಸ್ಥೆಗಳೂ ಈ ಮಾತಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ರಾಜ್ಯೋತ್ಸವದಲ್ಲಿ ಕನ್ನಡ ತಾಯಿಗೆ ಹಾರ ಹಾಕುತ್ತೇವೆ. ಮಹಿಳಾ ವಿಭಾಗದಿಂದ ರಂಗೋಲಿ ಸ್ಪರ್ಧೆ, ಅಡಿಗೆ ಸ್ಪರ್ಧೆ ತಪ್ಪದೆ ನಡೆಯುತ್ತವೆ. ಅದೇ ಮಂಟಪದ ಒಂದು ಮೂಲೆಯಲ್ಲಿ ಮೇಜು ಹಾಕಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲು ಎಷ್ಟು ಖರ್ಚಾದೀತು? ಕಟ್ಟಡದ ಕೆಲಸಕ್ಕೆಂದು ವಿಜಯಪುರ, ಕಲಬುರಗಿಗಳಿಂದ ಬಂದು ತಗಡಿನ ಶೆಡ್ಡುಗಳಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ, ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ ಉಂಟೆಂದು, 2016ರಿಂದ ಈ ಯೋಜನೆ ಇದೆಯೆಂದು ಕನ್ನಡದಲ್ಲಿ ಹೇಳುವವರು ಯಾರು? ಭಾಷೆ ಬಾರದ ಊರಿನಲ್ಲಿ ಆಸ್ಪತ್ರೆಯ ಕಿಟಕಿಯ ಮುಂದೆ ಅವರ ಜೊತೆ ನಿಲ್ಲುವುದೂ ಕನ್ನಡ ಸೇವೆಯೇ.

ಗಂಡಂದಿರಿಗೆ ಕೊನೆಯ ಮಾತು. ವಿಮೆಯ ಕಂತು, ವಿದ್ಯುತ್ತಿನ ಬಿಲ್ಲು, ಮಕ್ಕಳ ಫೀಸು ಇವುಗಳ ತಾರೀಖು ನಿಮಗೆ ಬಾಯಿಪಾಠ. ಆ ಪಟ್ಟಿಗೆ ಇನ್ನು ಮೂರು ಬಾಬು ಸೇರಿಸಿ. ನಾಲ್ಕನೆಯ ತಿಂಗಳಿನಿಂದ ದಿನವೂ ಮಾತ್ರೆ ಹೋಯಿತೇ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ರಕ್ತ ಕಡಿಮೆಯಿದ್ದರೆ ದಿನಕ್ಕೆ ಎಷ್ಟು ಮಾತ್ರೆ ಎಂಬುದನ್ನು ವೈದ್ಯರಿಂದಲೇ ಕೇಳಿಕೊಳ್ಳಿ. ತಿಂಗಳಿಗೊಮ್ಮೆ ಹಿಮೋಗ್ಲೋಬಿನ್ ಅಂಕಿಯನ್ನು ಅಲ್ಲೇ ಬರೆದಿಡಿ. ಮಾತ್ರೆಯ ಸೀಸೆಯನ್ನು ಮಕ್ಕಳ ಕೈಗೆ ಸಿಗದ ಕಡೆ ಇಡಿ; ಪೆಪ್ಪರ್‌ಮಿಂಟೆಂದು ಒಂದಷ್ಟು ನುಂಗಿದರೆ ಚಿಕ್ಕ ಮಕ್ಕಳಿಗೆ ಕಬ್ಬಿಣ ವಿಷ. ಇಷ್ಟು ಮಾಡಿ, ರಾತ್ರಿ ಅವಳಿಗೆ ಮೊದಲು ಬಡಿಸಿ. ಆಮೇಲೆ ಉಪದೇಶದ ಅಗತ್ಯವೇ ಬೀಳುವುದಿಲ್ಲ.