ಶಾಲೆ ಹೇಗಿದೆ ಎಂದು ಕೇಳಿದವರೇ, ಇದನ್ನೂ ಕೇಳಿ

ಡಲ್ಲಾಸ್ ಪಕ್ಕದ ಫ್ರಿಸ್ಕೋ ಇರಲಿ, ಅಟ್ಲಾಂಟಾ ಪಕ್ಕದ ಆಲ್ಫರೆಟ್ಟಾ ಇರಲಿ, ಕೊಲಂಬಸ್ಸೋ ನ್ಯಾಶ್‌ವಿಲ್ಲೋ ಇರಲಿ, ಅಮೆರಿಕದ ಯಾವ ಊರಿನಲ್ಲಿ ಮನೆ ಮಾಡುವಾಗಲೂ ನೀವು ಮೊದಲು ವಿಚಾರಿಸಿದ್ದು ಶಾಲೆಯನ್ನು. ಅಡುಗೆಮನೆ ಸಣ್ಣದಾದರೂ ಅಡ್ಡಿಯಿಲ್ಲ, ಆಫೀಸು ಒಂದು ಗಂಟೆ ದೂರವಾದರೂ ಸರಿಯೇ, ಸ್ಕೂಲ್ ಡಿಸ್ಟ್ರಿಕ್ಟ್ ಮಾತ್ರ ಚೆನ್ನಾಗಿರಬೇಕು ಎಂದು ಹಟ ಹಿಡಿದಿರಿ. ಹತ್ತಕ್ಕೆ ಎಷ್ಟು ರೇಟಿಂಗ್, ಗಣಿತ ಹೇಗೆ ಕಲಿಸುತ್ತಾರೆ, ಬಸ್ಸು ಎಲ್ಲಿಯವರೆಗೆ ಬರುತ್ತದೆ, ಮಧ್ಯಾಹ್ನದ ಊಟದಲ್ಲಿ ಮಾಂಸವಿಲ್ಲದ್ದೇನಾದರೂ ಸಿಗುತ್ತದೆಯೇ, ಎಲ್ಲವನ್ನೂ ಕೇಳಿದಿರಿ. ಆ ಶಾಲೆಯೊಳಗೆ ಯಾರ ಸೊಂಟದಲ್ಲಿ ಬಂದೂಕಿರಬಹುದು, ಯಾವ ಕಾನೂನು ಅದನ್ನು ಒಳಗೆ ಬಿಟ್ಟಿದೆ ಎಂಬುದನ್ನು ಮಾತ್ರ ಕೇಳಲಿಲ್ಲ. ಬೈಯುವುದಕ್ಕೆಂದು ಇದನ್ನು ಬರೆಯುತ್ತಿಲ್ಲ. ಮಕ್ಕಳ ಭವಿಷ್ಯಕ್ಕೆಂದೇ ಅಪ್ಪ ಅಮ್ಮನನ್ನು, ಊರನ್ನು ಬಿಟ್ಟು ಸಮುದ್ರ ದಾಟಿದವರು ನೀವು. ಆ ಪ್ರೀತಿಯನ್ನು ನಂಬಿಯೇ ಬೇಡಿಕೊಳ್ಳುತ್ತಿದ್ದೇನೆ.

ನಿಮಗೆ ಗೊತ್ತು. ಮಗಳು ಒಂದನೇ ತರಗತಿಯಿಂದ ಬಂದು ಇವತ್ತು ಲಾಕ್‌ಡೌನ್ ಡ್ರಿಲ್ ಇತ್ತು ಎಂದಾಗ ನೀವು ಮಾತು ಬದಲಿಸಿದ್ದು ಗೊತ್ತಿದ್ದರಿಂದಲೇ. ಬಂದೂಕುಧಾರಿ ಬಂದರೆ ಅಡಗಿ ಕೂರುವುದರ ಅಭ್ಯಾಸ ಅದು. ಟೀಚರ್ ಬಾಗಿಲಿಗೆ ಬೀಗ ಹಾಕುತ್ತಾರೆ, ದೀಪ ಆರಿಸುತ್ತಾರೆ, ಬಾಗಿಲಿನ ಗಾಜಿಗೆ ಕಪ್ಪು ಕಾಗದ ಮುಚ್ಚುತ್ತಾರೆ. ಹೊರಗಿನಿಂದ ಕಾಣದ ಮೂಲೆಯಲ್ಲಿ ಮಕ್ಕಳು ಒಬ್ಬರಿಗೊಬ್ಬರು ಒತ್ತಿಕೊಂಡು ನೆಲದ ಮೇಲೆ ಕೂರುತ್ತಾರೆ. ಹೆಜ್ಜೆಯಿಟ್ಟರೆ ಬಣ್ಣಬಣ್ಣವಾಗಿ ಮಿನುಗುವ ಶೂ ಹಾಕಿಕೊಂಡು ಬಂದ ಹುಡುಗನಿಗೆ ಕಾಲು ಅಲ್ಲಾಡಿಸಬೇಡ ಎಂದು ಪಕ್ಕದ ಹುಡುಗಿ ಸನ್ನೆ ಮಾಡುತ್ತಾಳೆ. ಯಾರೋ ಹೊರಗಿನಿಂದ ಹಿಡಿಕೆ ತಿರುಗಿಸಿ ನೋಡುತ್ತಾರೆ. ಬೀಗ ಸರಿಯಾಗಿ ಬಿದ್ದಿದೆಯೇ ಎಂದು ನೋಡಲು ಬಂದ ಶಾಲೆಯವರೇ ಅವರು. ಆದರೆ ಕತ್ತಲಲ್ಲಿ ಕೂತ ಆರು ವರ್ಷದ ಕೂಸಿಗೆ ಅದು ಹೇಗೆ ಗೊತ್ತಾಗಬೇಕು?

ನಿಮಗೆ ಗೊತ್ತು, 1999ರಲ್ಲಿ ಕೊಲಂಬೈನ್ ಹೈಸ್ಕೂಲಿನಲ್ಲಿ ಗುಂಡಿನ ದಾಳಿ ಆಯಿತು, 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಆರೇಳು ವರ್ಷದ 20 ಮಕ್ಕಳೂ ಆರು ಜನ ದೊಡ್ಡವರೂ ಸತ್ತರು, 2018ರಲ್ಲಿ ಪಾರ್ಕ್‌ಲ್ಯಾಂಡಿನಲ್ಲಿ 17 ಜನ, 2022ರಲ್ಲಿ ಟೆಕ್ಸಸ್‌ನ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಟೀಚರುಗಳು. ಪ್ರತಿ ಸಲವೂ ಒಂದು ವಾರ ಕಣ್ಣೀರು ಹಾಕಿದೆವು, ಪ್ರತಿ ಸಲವೂ ನಮ್ಮ ಏರಿಯಾ ಹಾಗಲ್ಲ ಎಂದು ಸಮಾಧಾನ ಹೇಳಿಕೊಂಡೆವು. ಈ ದೇಶದಲ್ಲಿ ಒಂದರಿಂದ ಹತ್ತೊಂಬತ್ತು ವರ್ಷದೊಳಗಿನವರ ಸಾವಿಗೆ 2020ರಿಂದ ಮೊದಲ ಕಾರಣ ಬಂದೂಕು, ರಸ್ತೆ ಅಪಘಾತವನ್ನೂ ಮೀರಿಸಿ.

ಕಾನೂನೇ ಇಲ್ಲವೆಂದಲ್ಲ. ಶಾಲೆಯ ಆವರಣದಲ್ಲಿ ಮತ್ತು ಅದರ ಸುತ್ತ ಸಾವಿರ ಅಡಿಯೊಳಗೆ ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕಾಂಗ್ರೆಸ್ಸು 1990ರಲ್ಲೇ ನಿಷೇಧಿಸಿತು. ಸ್ಯಾನ್ ಆಂಟೋನಿಯೋದ ಹೈಸ್ಕೂಲಿಗೆ ರಿವಾಲ್ವರ್ ತಂದು ಸಿಕ್ಕಿಬಿದ್ದ ವಿದ್ಯಾರ್ಥಿಯೊಬ್ಬನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ 5–4ರಿಂದ ಅದನ್ನು ಹೊಡೆದುಹಾಕಿತು. ಮರುವರ್ಷ ಕಾಂಗ್ರೆಸ್ಸು ತಿದ್ದಿ ಮತ್ತೆ ತಂದಿತು. ಆದರೆ ಒಂದು ಕಿಂಡಿ ಉಳಿಯಿತು. ರಾಜ್ಯದ ಪರವಾನಗಿ ಪಡೆದವರಿಗೆ ಆ ನಿಷೇಧ ಅನ್ವಯಿಸುವುದಿಲ್ಲ. ಕ್ಯಾಲಿಫೋರ್ನಿಯಾ 2015ರಲ್ಲಿ ಪರವಾನಗಿ ಇದ್ದವರಿಗೂ ಶಾಲೆಯೊಳಗೆ ಬಂದೂಕು ಬೇಡವೆಂದಿತು, 2017ರಲ್ಲಿ ಬಂದೂಕು ಒಳಗೆ ತರಲು ಅನುಮತಿ ಕೊಡುವ ಅಧಿಕಾರವನ್ನು ಸ್ಕೂಲ್ ಡಿಸ್ಟ್ರಿಕ್ಟಿನ ಸೂಪರಿಂಟೆಂಡೆಂಟರಿಂದಲೂ ತೆಗೆದುಕೊಂಡಿತು. ಬೇರೆ ರಾಜ್ಯಗಳು ಉಲ್ಟಾ ದಾರಿ ಹಿಡಿದವು.

ಒಹಾಯೋದ ಕಥೆ ಕೇಳಿ. ಅಲ್ಲಿನ ಮ್ಯಾಡಿಸನ್ ಎಂಬ ಸಣ್ಣ ಸ್ಕೂಲ್ ಡಿಸ್ಟ್ರಿಕ್ಟ್ ತನ್ನ ಸಿಬ್ಬಂದಿಗೆ ಬಂದೂಕು ಒಯ್ಯಲು ಅನುಮತಿ ಕೊಟ್ಟಾಗ ಕೆಲವು ತಂದೆ ತಾಯಂದಿರು ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. ಪೊಲೀಸರಿಗೆ ಕೊಡುವ 700 ಗಂಟೆಗೂ ಹೆಚ್ಚಿನ ತರಬೇತಿ ಇಲ್ಲದೆ ಹೀಗೆ ಬಂದೂಕು ಕೊಡುವಂತಿಲ್ಲ ಎಂಬ ಅವರ ವಾದವನ್ನು ರಾಜ್ಯದ ಸುಪ್ರೀಂ ಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಮರುವರ್ಷವೇ ಶಾಸಕರು ಕಾನೂನು ಬದಲಿಸಿ 24 ಗಂಟೆಗಿಂತ ಹೆಚ್ಚು ಬೇಕಿಲ್ಲವೆಂದರು. ಇಪ್ಪತ್ನಾಲ್ಕು ಗಂಟೆ! ಕಾರು ಕಲಿಯಲು ನಿಮ್ಮ ಹದಿನಾರರ ಮಗನಿಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಟೆನೆಸಿಯದು ಇನ್ನೂ ಸಂಕಟದ ಸಂಗತಿ. 2023ರ ಮಾರ್ಚಿನಲ್ಲಿ ನ್ಯಾಶ್‌ವಿಲ್‌ನ ಕವೆನೆಂಟ್ ಶಾಲೆಯಲ್ಲಿ ಒಂಬತ್ತು ವರ್ಷದ ಮೂರು ಮಕ್ಕಳೂ ಮೂವರು ದೊಡ್ಡವರೂ ಸತ್ತ ಮೇಲೆ ತಾಯಂದಿರು ಬಂದೂಕು ನಿಯಂತ್ರಿಸಿ ಎಂದು ವಿಧಾನಸಭೆಯ ಮೆಟ್ಟಿಲು ಹತ್ತಿ ಹತ್ತಿ ಬೇಡಿದರು. ಅವರಿಗೆ ಸಿಕ್ಕಿದ್ದು 2024ರ ಏಪ್ರಿಲ್‌ನ ಕಾನೂನು: 40 ಗಂಟೆಯ ತರಬೇತಿ ಮುಗಿಸಿ, ಮೇಲಿನವರ ಒಪ್ಪಿಗೆ ಪಡೆದರೆ ಟೀಚರು ಬಟ್ಟೆಯೊಳಗೆ ಪಿಸ್ತೂಲು ಮುಚ್ಚಿಟ್ಟುಕೊಂಡು ಪಾಠ ಮಾಡಬಹುದು, ಯಾವ ಟೀಚರು ಎಂಬುದನ್ನು ತಂದೆ ತಾಯಿಗೆ ತಿಳಿಸುವ ಹಾಗಿಲ್ಲ. ಗ್ಯಾಲರಿಯಲ್ಲಿ ಜನ ಕೂಗಿ ಕೂಗಿ ಬೇಡವೆನ್ನುತ್ತಿದ್ದಂತೆಯೇ 68–28ರಲ್ಲಿ ಅದು ಪಾಸಾಯಿತು.

ಒಂದು ಕ್ಷಣ ಕಿಂಡರ್‌ಗಾರ್ಟನ್ ಕ್ಲಾಸನ್ನು ಕಣ್ಣಮುಂದೆ ತಂದುಕೊಳ್ಳಿ. ಆ ವಯಸ್ಸಿನ ಮಕ್ಕಳು ಟೀಚರನ್ನು ಅಪ್ಪಿಕೊಂಡರೆ ಕೈ ಹೋಗುವುದು ಸೊಂಟದ ಸುತ್ತ. ಬಿಚ್ಚಿದ ಲೇಸು ಕಟ್ಟಿಸಿಕೊಳ್ಳಲು, ಸುರಿಯುವ ಮೂಗು ಒರೆಸಿಕೊಳ್ಳಲು, ಅಮ್ಮ ಬೇಕೆಂದು ಅಳಲು ಅವರು ಓಡಿಬಂದು ಮುಖ ಒತ್ತುವುದು ಅಲ್ಲಿಗೇ. ಅಲ್ಲಿ ಗುಂಡು ತುಂಬಿದ ಪಿಸ್ತೂಲು ಇರಲಿ ಎನ್ನುತ್ತದೆ ಈ ಕಾನೂನು. ಯೂಟಾದಲ್ಲಿ 2014ರಲ್ಲಿ ಪರವಾನಗಿಯಿದ್ದ ಟೀಚರೊಬ್ಬರ ಪಿಸ್ತೂಲು ಶಾಲೆಯ ಶೌಚಾಲಯದಲ್ಲಿ ಅಚಾನಕ್ಕಾಗಿ ಸಿಡಿದು ಅವರದೇ ಕಾಲಿಗೆ ಗಾಯವಾಯಿತು. 2018ರಲ್ಲಿ ಕ್ಯಾಲಿಫೋರ್ನಿಯಾದ ಸೀಸೈಡ್ ಎಂಬಲ್ಲಿ ಮೀಸಲು ಪೊಲೀಸನೂ ಆಗಿದ್ದ ಟೀಚರು ಬಂದೂಕಿನ ಸುರಕ್ಷತೆಯ ಪಾಠ ಮಾಡುತ್ತಿರುವಾಗಲೇ ಗುಂಡು ಚಾವಣಿಗೆ ಹಾರಿತು. ಇವರ್‍ಯಾರೂ ಕೆಟ್ಟವರಲ್ಲ.

ಕೊಲೆಗಾರ ಬಂದಾಗ ಎದುರಿಸಲು ಒಳಗೊಬ್ಬರು ಬೇಡವೇ ಎಂದು ನೀವು ಕೇಳುತ್ತೀರಿ. ಮಕ್ಕಳ ಮೇಲಿನ ಕಾಳಜಿಯಿಂದ ಹುಟ್ಟಿದ ಪ್ರಶ್ನೆ ಅದು, ತಳ್ಳಿಹಾಕುವಂಥದ್ದಲ್ಲ. ಆದರೆ ಕೊಲಂಬೈನ್‌ನಲ್ಲಿ ಬಂದೂಕುಧಾರಿ ಅಧಿಕಾರಿ ಇದ್ದರು. ಪಾರ್ಕ್‌ಲ್ಯಾಂಡಿನಲ್ಲೂ ಇದ್ದರು, ಕಟ್ಟಡದ ಹೊರಗೇ ಉಳಿದರು. ಯುವಾಲ್ಡಿಯಲ್ಲಿ ಸೇರಿದ್ದು 376 ಮಂದಿ ಅಧಿಕಾರಿಗಳು. ಒಳಗಿದ್ದ ಮಕ್ಕಳು 911ಕ್ಕೆ ಫೋನು ಮಾಡಿ ಪೊಲೀಸರನ್ನು ಕಳಿಸಿ ಎಂದು ಅಂಗಲಾಚುತ್ತಿದ್ದರೂ ಅವರು ಆ ಕೋಣೆಗೆ ನುಗ್ಗಲು 77 ನಿಮಿಷ ಹಿಡಿಯಿತು. ವೃತ್ತಿಯೇ ಅದಾದವರ ಕೈಕಾಲು ಕಟ್ಟಿಹೋದ ಜಾಗದಲ್ಲಿ ಗಣಿತದ ಮೇಡಮ್ಮು ತನ್ನದೇ ಹಳೆಯ ವಿದ್ಯಾರ್ಥಿಯ ಎದೆಗೆ ಗುರಿಯಿಡಲಿ ಎಂದು ನಾವು ಬಯಸುತ್ತಿದ್ದೇವೆ. ಹೌದು, ಬಹಳ ಸಲ ಬರುವವನು ಆ ಶಾಲೆಯ ಹುಡುಗನೇ. ಅವನ ಕೈಗೆ ಬಂದೂಕು ಸಿಗುವುದು ಹೆಚ್ಚಾಗಿ ಅವನ ಮನೆಯಿಂದಲೇ, ಇಲ್ಲವೇ ಹತ್ತಿರದ ನೆಂಟರ ಮನೆಯಿಂದ. ಶಾಲಾ ದಾಳಿಗಳನ್ನು ಅಧ್ಯಯನ ಮಾಡಿ ಸೀಕ್ರೆಟ್ ಸರ್ವಿಸ್ 2019ರಲ್ಲಿ ಹೇಳಿದ್ದೂ ಇದನ್ನೇ. ಬೀಗ ಹಾಕಬೇಕಾದ ಕಪಾಟು ಅಲ್ಲಿದೆ.

ಇದರ ಭಾರ ಹೊರುವವರಿಗೆ ಮಾತಿಲ್ಲ. ಐದು ವರ್ಷದವರಿಗೆ ಓಟಿಲ್ಲ. ಆಟಿಸಂ ಇರುವ ಹುಡುಗ ಜೋರು ಸದ್ದಿಗೆ ಬೆದರಿ ಎದ್ದು ಓಡಿದರೆ, ಕೈ ಬೀಸಿದರೆ, ಅದನ್ನು ಅಪಾಯವೆಂದು ತಿಳಿಯುವವರ ಬಳಿ ಪಿಸ್ತೂಲಿದ್ದರೆ, ನನ್ನನ್ನು ಅರ್ಥ ಮಾಡಿಕೊಳ್ಳಿ ಎಂದು ಹೇಳಲು ಅವನಿಗೆ ಬಾಯಿಲ್ಲ. ಚಿಕ್ಕ ತಪ್ಪಿಗೂ ದೊಡ್ಡ ಶಿಕ್ಷೆ ಅನುಭವಿಸಿ ರೂಢಿಯಾದ ಕಪ್ಪು ಹುಡುಗರ ತಾಯಂದಿರು ಈ ಭಯವನ್ನು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ, ನಾವು ಅವರ ಪಕ್ಕದಲ್ಲಿ ಹೋಗಿ ನಿಂತಿಲ್ಲ. ದಸರಾ, ದೀಪಾವಳಿ, ರಾಜ್ಯೋತ್ಸವ ಎಂದರೆ ಕನ್ನಡ ಕೂಟದ ಸಭಾಂಗಣ ತುಂಬುವ ನಾವು, ಸ್ಕೂಲ್ ಬೋರ್ಡಿನ ಸಭೆಯಲ್ಲಿ ಕಾಣುವುದಿಲ್ಲ.

ನಿಮಗೆ ಗೊತ್ತು, ಅನೇಕ ರಾಜ್ಯಗಳಲ್ಲಿ ಟೀಚರಿಗೆ ಬಂದೂಕು ಕೊಡಬೇಕೋ ಬೇಡವೋ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಆಯಾ ಡಿಸ್ಟ್ರಿಕ್ಟೇ. ವಾಷಿಂಗ್‌ಟನ್ ದೂರವಿರಬಹುದು, ಆ ಬೋರ್ಡು ನಿಮ್ಮ ದಿನಸಿ ಅಂಗಡಿಯಷ್ಟೇ ಹತ್ತಿರದಲ್ಲಿದೆ, ಅದರ ಸದಸ್ಯರನ್ನು ಆರಿಸುವ ಚುನಾವಣೆಗೆ ಬರುವವರೇ ಕಡಿಮೆ. ಎಚ್‌-1ಬಿ ವೀಸಾದಲ್ಲಿದ್ದೇವೆ, ನಮ್ಮ ಮಾತು ಯಾರು ಕೇಳುತ್ತಾರೆ ಎನ್ನಬೇಡಿ. ಓಟು ಹಾಕಲು ಸಾಮಾನ್ಯವಾಗಿ ಪೌರತ್ವ ಬೇಕು. ಬೋರ್ಡಿನ ಮುಂದೆ ನಿಂತು ಮಾತಾಡಲು ಆ ಶಾಲೆಯ ಮಗುವಿನ ಅಪ್ಪನೋ ಅಮ್ಮನೋ ಆಗಿದ್ದರೆ ಸಾಕು. ಮುಂದಿನ ಸಭೆಯ ದಿನಾಂಕ ಡಿಸ್ಟ್ರಿಕ್ಟಿನಿಂದ ತಿಳಿದುಕೊಳ್ಳಿ, ಮಾತಾಡುವವರ ಪಟ್ಟಿಯಲ್ಲಿ ಹೆಸರು ಬರೆಸಿ, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ. ಸಿಗುವುದು ಎರಡು ಮೂರು ನಿಮಿಷ. ಇಂಗ್ಲಿಷ್ ತೊದಲಿದರೆ ತೊದಲಲಿ. ನಮ್ಮ ಶಾಲೆಯಲ್ಲಿ ಪೊಲೀಸರನ್ನು ಬಿಟ್ಟು ಬೇರೆ ಯಾರಿಗೆ ಬಂದೂಕಿನ ಅನುಮತಿಯಿದೆ ಎಂದು ಕೇಳಿ. ಎಷ್ಟು ಗಂಟೆಯ ತರಬೇತಿ, ಪಾಠದ ಹೊತ್ತಿನಲ್ಲಿ ಅದು ಎಲ್ಲಿರುತ್ತದೆ, ನಮಗೇಕೆ ಹೇಳಲಿಲ್ಲ ಎಂದು ಕೇಳಿ. ಉತ್ತರ ಸಿಗದಿದ್ದರೆ ಮುಂದಿನ ತಿಂಗಳೂ ಹೋಗಿ ಕೇಳಿ.